ಮುಕ್ಕಾಲು ಇಂಚು ಘೇರು, ಆರು ಮೀಟರ್ ಬಟ್ಟೆ

ಹುಬ್ಬಳ್ಳಿಯಲ್ಲಿ ನಮ್ಮದು ಐದು ಮಷೀನಿನ ಸಣ್ಣ ಹೊಲಿಗೆ ಘಟಕ. ಕಟಿಂಗ್ ಟೇಬಲ್ ಕೆಳಗೆ ಬೀಳುವ ಕಾಟನ್ ಚಿಂದಿಯನ್ನು ನಮ್ಮ ಓಣಿಯ ಅಜ್ಜಿಯೊಬ್ಬರು ಕೌದಿಗೆ ಅಂತ ಒಯ್ಯುತ್ತಾರೆ. ಅಷ್ಟಾದರೂ ಬಳಕೆಯಾಯಿತಲ್ಲ ಅನ್ನೋ ಸಮಾಧಾನ ನನಗೆ. ಆದರೆ ಅದು ಮೀಟರ್ ಲೆಕ್ಕದಲ್ಲಿ ದುಡ್ಡು ಕೊಟ್ಟು ತಂದ ಬಟ್ಟೆ, ಅಲ್ವಾ? ಹತ್ತಿ ಬೆಳೆದವರ, ನೇಯ್ದವರ ಶ್ರಮ ಅದರಲ್ಲಿದೆ. ಅದಕ್ಕೇ ಹೋದ ವರ್ಷ ಚಿಂದಿ ಕಮ್ಮಿ ಬೀಳೋ ಹಾಗೆ ಕಂಪ್ಯೂಟರಿನಲ್ಲಿ ಕಟಿಂಗ್ ಜೋಡಿಸೋದು ಕಲಿತೆ.

ಪುಕ್ಕಟೆ ಸಿಗುವ ಎರಡು ಸಾಫ್ಟ್‌ವೇರ್ ಸಾಕಾದವು. ಸೀಮ್ಲಿ ಟು ಡಿಯಲ್ಲಿ ಅಳತೆ ಕೊಟ್ಟು ಪ್ಯಾಟರ್ನ್, ಅಂದರೆ ಮೈ, ತೋಳು ಅಂತ ಒಂದೊಂದು ತುಂಡಿನ ನಕ್ಷೆ, ಬರೆಯುತ್ತೇನೆ. ಡೀಪ್‌ನೆಸ್ಟ್ ಆ ತುಂಡುಗಳನ್ನು ಬಟ್ಟೆಯ ಅಳತೆಯೊಳಗೆ ಒತ್ತೊತ್ತಾಗಿ ಕೂಡಿಸುತ್ತದೆ. ನಾವು ನಿಲ್ಲಿಸುವ ತನಕ ಇನ್ನೂ ಒಳ್ಳೆ ಜೋಡಣೆ ಹುಡುಕುತ್ತಲೇ ಇರುತ್ತದೆ, ಹಾಗಾಗಿ ಊಟಕ್ಕೆ ಏಳುವಾಗ ಶುರು ಮಾಡಿ ಹೋಗುತ್ತೇನೆ.

ಒಂದು ಎಚ್ಚರ ಬೇಕು. ಡೀಪ್‌ನೆಸ್ಟ್ ಮಾಡಿದ್ದು ಲೇಸರ್ ಕಟಿಂಗ್‌ನಂಥ ಕೆಲಸಕ್ಕೆ. ಬಟ್ಟೆಯ ಎಳೆಗೆ ಉದ್ದ, ಅಡ್ಡ ಅಂತ ದಿಕ್ಕು ಇರುತ್ತದೆ ಅಂತ ಅದಕ್ಕೆ ಗೊತ್ತಿಲ್ಲ. ತುಂಡು ತಿರುಗಿಸುವ ಸೆಟ್ಟಿಂಗ್ ಮೊದಲಿಗೆ 4 ಇರುತ್ತದೆ, ಅಂದರೆ ನಾಲ್ಕೂ ದಿಕ್ಕಿಗೆ ತಿರುಗಿಸಿ ನೋಡುತ್ತದೆ, ಜಾಗ ಸಿಕ್ಕರೆ ತೋಳನ್ನು ಅಡ್ಡ ಮಲಗಿಸಿಬಿಡುತ್ತದೆ. ಮೊದಲ ಸಲ ನಾನು ಅದನ್ನು ಬದಲಿಸಲಿಲ್ಲ. ಒಂದೇ ಒಗೆತಕ್ಕೆ ಮೈ ಒಂದು ಥರ, ತೋಳು ಒಂದು ಥರ ಕುಗ್ಗಿದವು. 2 ಇಟ್ಟರೆ ತುಂಡನ್ನು ತಲೆಕೆಳಗು ಮಾತ್ರ ಮಾಡುತ್ತದೆ. ಪ್ರಿಂಟಿನ ಬಳ್ಳಿ ಮೇಲ್ಮುಖವಾಗಿದ್ದರೆ 1, ಆಗ ತಿರುಗಿಸುವುದೇ ಇಲ್ಲ. ಹೊಲಿಗೆಗೆ ಬಿಡುವ ಬಟ್ಟೆಯನ್ನು ಮೊದಲೇ ಸೇರಿಸಿ, ಎಡಗೈ ಬಲಗೈ ತೋಳು ಬೇರೆ ಬೇರೆ ಹಾಕಿ.

ದೊಡ್ಡ ಉಳಿತಾಯ ಸಿಕ್ಕಿದ್ದು ಮಾತ್ರ ಬೇರೆ ಕಡೆ. 60 ಕುರ್ತಾದ ಆರ್ಡರ್ ಇತ್ತು, ಅದೂ ಬಳ್ಳಿ ಪ್ರಿಂಟ್, ತುಂಡು ತಲೆಕೆಳಗು ಮಾಡುವ ಹಾಗಿಲ್ಲ. ಬಟ್ಟೆಯ ಪನ್ನ, ಅಂದರೆ ಅಗಲ, 44 ಇಂಚು, ಅಂಚು ಬಿಟ್ಟರೆ 43. ಮುಂದಿನ ಭಾಗ ಹಿಂದಿನ ಭಾಗ ಎರಡರ ಘೇರೂ, ಅಂದರೆ ಕೆಳಗಿನ ಅಗಲ, ತಲಾ 22 ಕಾಲು ಇಂಚು, ಕೂಡಿಸಿದರೆ 44 ಅರೆ, ಹಾಗಾಗಿ ಎಷ್ಟು ಹೊತ್ತು ಓಡಿಸಿದರೂ ಸಾಫ್ಟ್‌ವೇರ್ ಒಂದನ್ನು ಕೆಳಗೆ ಜಾರಿಸಿಯೇ ಇಡುತ್ತಿತ್ತು. ನಮ್ಮ ಕಟಿಂಗ್ ಮಾಸ್ತರ್ ಪರದೆ ನೋಡಿ, "ಎರಡರದೂ ಘೇರು ಮುಕ್ಕಾಲು ಮುಕ್ಕಾಲು ಇಂಚು ಕಮ್ಮಿ ಮಾಡ್ರಿ ಅಕ್ಕಾರ, ಒಂದರ ಬಾಜೂಕ ಒಂದು ಕುಂದರ್ತಾವ" ಅಂದರು. ಕುಂತವು! ಕುರ್ತಾಕ್ಕೆ 4 ಇಂಚು ಉಳಿಯಿತು, ಒಟ್ಟು 6 ಮೀಟರ್. ಬದಿಗೆ ಸ್ಲಿಟ್ ಇದ್ದದ್ದರಿಂದ ಹಾಕಿಕೊಂಡವರಿಗೆ ಬಿಗಿ ಅನ್ನಿಸಲಿಲ್ಲ. ಈಗ ಡಿಸೈನ್ ಬರೆಯುವ ಮೊದಲೇ ಪನ್ನ ಅಳೆಯುತ್ತೇನೆ, ಒಂದೊಂದು ಥಾನಿಗೂ.

ಬೆಟಗೇರಿಯಿಂದ ತಂದ ಕೈಮಗ್ಗದ ಚೌಕಳಿ ಬಟ್ಟೆ ಮಾತ್ರ ಇನ್ನೂ ಟೇಬಲ್ ಮೇಲಿದೆ. ಚೌಕಳಿಗೆ ಚೌಕಳಿ ಕೂಡಿಸೋದು ಡೀಪ್‌ನೆಸ್ಟ್‌ಗೆ ಬರೋದಿಲ್ಲ. ಅದನ್ನು ಮಾಸ್ತರ್ ಮತ್ತು ನಾನು ನಾಳೆ ಕೈಯಲ್ಲೇ ಜೋಡಿಸುತ್ತೇವೆ.