ತಟ್ಟೆ ಬಿದ್ದ ಮೇಲಿನ ಹತ್ತು ಸೆಕೆಂಡು

ಊರಿಂದ ಹೊರಡುವಾಗ ಅಮ್ಮ ಕೊಟ್ಟ ಒಂದು ಸ್ಟೀಲ್ ತಟ್ಟೆ ನನ್ನ ಹತ್ತಿರ ಇದೆ. ಅದರಲ್ಲಿ ಊಟ ಮಾಡಿ ನಾಲ್ಕು ವರ್ಷ ಆಯ್ತು. ಅದೀಗ ನನ್ನ ಕೆಲಸದ ಸಾಮಾನು. ನಾಯಿಮರಿಗಳಿಗೆ ಆರು ವಾರ ತುಂಬಿದ ಮೇಲೆ, ಅವು ಆಟದಲ್ಲಿ ಮುಳುಗಿರುವಾಗ ಸ್ವಲ್ಪ ದೂರದಲ್ಲಿ ನಿಂತು, ಮೊಣಕಾಲೆತ್ತರದಿಂದ ಅದನ್ನು ಸಿಮೆಂಟ್ ನೆಲಕ್ಕೆ ಬಿಡುತ್ತೇನೆ. ಠಣ್ ಅಂತ ಬಿದ್ದು, ಗಿರಗಿರ ತಿರುಗಿ ನಿಲ್ಲುತ್ತೆ. ಮರಿಗಳೆಲ್ಲ ಬೆಚ್ಚುತ್ತವೆ. ಬೆಚ್ಚಿದರೆ ತಪ್ಪೇನಿಲ್ಲ. ನಾನು ಎಣಿಸೋದು ಆಮೇಲಿನ ಸೆಕೆಂಡುಗಳನ್ನು. ಎಷ್ಟು ಹೊತ್ತಿಗೆ ಕಿವಿ ಮುಂದೆ ಬಂತು? ಯಾವ ಮರಿ ತಟ್ಟೆಯ ಹತ್ತಿರ ಹೋಗಿ ಮೂಸಿತು? ಯಾವುದು ನನ್ನ ಮುಖ ನೋಡಿತು?

ಮೆಲ್ಬರ್ನ್‌ನಿಂದ ಒಂದೂವರೆ ಗಂಟೆ ದೂರದ ಒಂದು ಮನೆಯಲ್ಲಿ ನನಗೆ ಕೆಲಸ. ತಾಯಿ ಮಗಳು ಸೇರಿ ಲ್ಯಾಬ್ರಡಾರ್ ಮತ್ತು ಸ್ಟ್ಯಾಂಡರ್ಡ್ ಪೂಡಲ್ ಬೆರಕೆಯ ಮರಿಗಳನ್ನು ಬೆಳೆಸುತ್ತಾರೆ. ನಾಲ್ಕು ಹೆಣ್ಣು ನಾಯಿ, ಎಲ್ಲ ಸೇರಿ ವರ್ಷಕ್ಕೆ ಎರಡು ಸಲ, ಹೆಚ್ಚೆಂದರೆ ಮೂರು ಸಲ ಮರಿ. ಮರಿಗಳು ಬೆಳೆಯೋದು ಅಡುಗೆಮನೆಯ ಪಕ್ಕದ ಕೋಣೆಯಲ್ಲಿ. ಮಿಕ್ಸಿ, ವಾಷಿಂಗ್ ಮೆಷಿನ್, ಮೊಮ್ಮಕ್ಕಳ ಗಲಾಟೆ ಎಲ್ಲ ಕಿವಿಗೆ ಬೀಳುತ್ತೆ. ಜಾಸ್ತಿ ಮರಿಗಳು ಸುಮ್ನೆ ಮನೆನಾಯಿಯಾಗಿ ಹೋಗುತ್ತವೆ. ಒಂದೋ ಎರಡೋ ಮಾತ್ರ ಅಂಗವಿಕಲರ ಜೊತೆಗಿದ್ದು ಕೆಲಸ ಮಾಡಲು ತರಬೇತಿಗೆ ಹೋಗುತ್ತವೆ. ಆ ಒಂದೆರಡನ್ನು ಆರಿಸುವುದರಲ್ಲೇ ನಾನು ಒಂದು ಸಲ ತಪ್ಪು ಮಾಡಿದೆ.

ಆಗ ನಾನು ಕೆಲಸಕ್ಕೆ ಸೇರಿ ಎರಡನೇ ವರ್ಷ. ನಮ್ಮಲ್ಲಿ ಮರಿಗಳಿಗೆ ಹೆಸರಿಡಲ್ಲ, ಕೊರಳಪಟ್ಟಿಯ ಬಣ್ಣದಿಂದಲೇ ಕರೆಯುತ್ತೇವೆ. ಒಬ್ಬ ತಾಯಿ ತನ್ನ ಒಂಬತ್ತು ವರ್ಷದ ಮಗನನ್ನು ಕರೆದುಕೊಂಡು ಬಂದಿದ್ದರು. ಹುಡುಗನಿಗೆ ಆಟಿಸಂ. ನೆಲದ ಮೇಲೆ ಕೂತ. ಹಳದಿ ಪಟ್ಟಿಯ ಮರಿ ನೇರವಾಗಿ ಬಂದು ಅವನ ತೊಡೆ ಮೇಲೆ ತಲೆಯಿಟ್ಟು ನಿದ್ದೆ ಹೋಯಿತು. ಹುಡುಗ ಅಲುಗಾಡಲಿಲ್ಲ. ತಾಯಿಯ ಕಣ್ಣು ತುಂಬಿತು, ನನ್ನದೂ ತುಂಬಿತು. ಇದೇ ಮರಿ ಅಂತ ನಾನೇ ಹೇಳಿದೆ.

ಹಿಂದಿನ ವಾರವಷ್ಟೇ ನನ್ನ ನೋಟ್‌ಬುಕ್‌ನಲ್ಲಿ ನನ್ನ ಕೈಯಲ್ಲೇ ಬರೆದಿದ್ದೆ: ಹಳದಿ, ತಟ್ಟೆ ಬಿದ್ದಾಗ ಬೆಂಚಿನ ಕೆಳಗೆ ಹೋಯಿತು, ಎರಡು ನಿಮಿಷ ಬರಲಿಲ್ಲ, ಚಿಕನ್ ತುಂಡು ಕೊಟ್ಟರೂ ಮುಟ್ಟಲಿಲ್ಲ. ಪಕ್ಕದಲ್ಲಿ ‘ನಿದ್ದೆಗಣ್ಣಲ್ಲಿತ್ತೇನೋ’ ಅಂತ ಸೇರಿಸಿದ್ದೆ. ನನಗೆ ಆ ಮರಿ ಇಷ್ಟ ಇತ್ತು, ಅದಕ್ಕೇ ಹಾಗೆ ಸೇರಿಸಿದ್ದು.

ಎಂಟು ತಿಂಗಳಾದಾಗ ಆ ತಾಯಿ ಫೋನ್ ಮಾಡಿದರು. ಸೂಪರ್‌ಮಾರ್ಕೆಟ್‌ನಲ್ಲಿ ಟ್ರಾಲಿಗಳನ್ನು ಒಂದಕ್ಕೊಂದು ತಳ್ಳುವ ಸದ್ದಿಗೆ ನಾಯಿ ನೆಲಕ್ಕೆ ಅಂಟಿಕೊಂಡಂತೆ ಕೂತುಬಿಡುತ್ತೆ, ಮೈಯೆಲ್ಲ ನಡುಗುತ್ತೆ. ಅದು ನಡುಗೋದನ್ನು ನೋಡಿ ಹುಡುಗ ಕಿರುಚುತ್ತಾನೆ. ತರಬೇತಿಯವರು ಮೂರು ತಿಂಗಳು ಪ್ರಯತ್ನಪಟ್ಟು, ಇದಾಗಲ್ಲ ಅಂದರಂತೆ. ಆ ಮನೆಯವರ ದುಡ್ಡು, ಅವರ ಒಂದು ವರ್ಷ, ಎಲ್ಲಕ್ಕಿಂತ ಹೆಚ್ಚಾಗಿ ಆ ಹುಡುಗ ಹಚ್ಚಿಕೊಂಡಿದ್ದ ಜೀವ. ನಾಯಿ ನಮ್ಮ ಮನೆಗೆ ವಾಪಸ್ ಬಂದ ದಿನ ಅವನು ಕಾರಿನಿಂದ ಇಳಿಯಲೇ ಇಲ್ಲ.

ತೊಡೆ ಮೇಲೆ ಮಲಗೋದು ಪ್ರೀತಿ. ಆದರೆ ಪ್ರೀತಿ ಇರುವ ಮರಿಗಳೆಲ್ಲ ಈ ಕೆಲಸಕ್ಕೆ ಆಗಲ್ಲ. ಹೊಟ್ಟೆ ತುಂಬಿದ, ಆಡಿ ಸುಸ್ತಾದ ಯಾವ ಮರಿಯೂ ಬೆಚ್ಚಗಿನ ತೊಡೆ ಸಿಕ್ಕರೆ ಮಲಗುತ್ತೆ, ಅಲ್ವಾ? ಈ ಕೆಲಸಕ್ಕೆ ಬೇಕಾದ್ದು ಬೆಚ್ಚಿದ ಮೇಲೆ ಬೇಗ ಸುಧಾರಿಸಿಕೊಳ್ಳುವ ಗುಣ. ಏನಕ್ಕೂ ಬೆಚ್ಚದೆ ಎಲ್ಲರಿಗಿಂತ ಮುಂದೆ ನುಗ್ಗುವ ಮರಿಯೂ ಬೇಡ. ಅದು ಮನುಷ್ಯರ ಮುಖ ನೋಡೋದೇ ಕಡಿಮೆ. ಬೆಚ್ಚಿ, ನಿಂತು, ಹತ್ತು ಸೆಕೆಂಡಿನೊಳಗೆ ಬಾಲ ಸಡಿಲಬಿಟ್ಟು, ತಿರುಗಿ ನನ್ನ ಕಡೆ ನೋಡುವ ಮರಿಯ ಪಟ್ಟಿಯ ಬಣ್ಣವನ್ನು ನಾನು ಬರೆದುಕೊಳ್ಳುತ್ತೇನೆ. ಅದೂ ಒಂದು ದಿನ ನೋಡಿ ಅಲ್ಲ. ಬೇರೆ ಬೇರೆ ದಿನ, ಬೇರೆ ಬೇರೆ ಸದ್ದು, ಮತ್ತೆ ಮತ್ತೆ.

ಪೂಡಲ್‌ನ ಕೂದಲು ಉದುರೋದು ಕಡಿಮೆ. ಅದಕ್ಕೇ ಪೂಡಲ್ ಬೆರಕೆ ಅಂದ ತಕ್ಷಣ ಜನ ಮೊದಲು ಕೇಳೋದು ಕೂದಲಿನ ಬಗ್ಗೆ. ಅಲರ್ಜಿ ಆಗಲ್ಲ ತಾನೇ? ಇದರ ಕಥೆ ಶುರುವಾದದ್ದೇ ಮೆಲ್ಬರ್ನ್‌ನಲ್ಲಿ. 1980ರ ದಶಕದ ಕೊನೆಯಲ್ಲಿ ಇಲ್ಲಿನ ರಾಯಲ್ ಗೈಡ್ ಡಾಗ್ಸ್ ಸಂಸ್ಥೆಯಲ್ಲಿದ್ದ ವಾಲಿ ಕಾನ್ರಾನ್ ಅವರಿಗೆ ಹವಾಯಿಯಿಂದ ಒಂದು ಕೋರಿಕೆ ಬಂತು. ಕಣ್ಣು ಸರಿಯಾಗಿ ಕಾಣದ ಒಬ್ಬ ಮಹಿಳೆಗೆ ದಾರಿ ತೋರುವ ನಾಯಿ ಬೇಕು, ಆದರೆ ಅವರ ಗಂಡನಿಗೆ ನಾಯಿ ಕೂದಲು ಆಗಲ್ಲ. ಪೂಡಲ್‌ಗಳನ್ನೇ ಪರೀಕ್ಷಿಸಿ ನೋಡಿದರು, ಯಾವುದೂ ಆ ಕೆಲಸಕ್ಕೆ ಒಗ್ಗಲಿಲ್ಲ. ಆಮೇಲೆ ಲ್ಯಾಬ್ರಡಾರ್ ಜೊತೆ ಕೂಡಿಸಿದರು. ಮೂರು ಮರಿ ಹುಟ್ಟಿದವು. ಮೂರರ ಕೂದಲು, ಜೊಲ್ಲಿನ ಮಾದರಿ ಹವಾಯಿಗೆ ಹೋದವು. ಆ ಗಂಡನಿಗೆ ಅಲರ್ಜಿ ಮಾಡದೆ ಇದ್ದದ್ದು ಒಂದೇ, ಸುಲ್ತಾನ್ ಅನ್ನೋ ಮರಿ. ಒಂದೇ ತಾಯಿಯ ಮೂರರಲ್ಲಿ ಒಂದು! ಬಂದವರಿಗೆಲ್ಲ ನಾನು ಇದನ್ನೇ ಹೇಳುತ್ತೇನೆ. 2012ರಲ್ಲಿ ನೆದರ್‌ಲೆಂಡ್ಸ್‌ನವರು ಅಳೆದು ನೋಡಿದಾಗಲೂ, ಅಲರ್ಜಿ ತರುವ ಅಂಶ ಲ್ಯಾಬ್ರಡೂಡಲ್‌ಗಳ, ಅಂದರೆ ಈ ಬೆರಕೆಯ ನಾಯಿಗಳ, ಕೂದಲಿನಲ್ಲಾಗಲಿ ಅವು ಇರುವ ಮನೆಯ ಗಾಳಿಯಲ್ಲಾಗಲಿ ಕಡಿಮೆ ಇದೆ ಅನ್ನಲು ಆಧಾರ ಸಿಗಲಿಲ್ಲ. ಮನೆಯಲ್ಲಿ ಅಲರ್ಜಿ ಇರುವವರಿದ್ದರೆ ಎರಡು ಮೂರು ಸಲ ಬಂದು, ಮರಿಯ ಜೊತೆ ಒಂದೊಂದು ಗಂಟೆ ಕೂತು ಹೋಗಲಿ ಅನ್ನುತ್ತೇನೆ.

ಕೂದಲು ಉದುರೋದು ಕಡಿಮೆಯಾದರೆ ಅದು ಮೈಮೇಲೇ ಗಂಟು ಕಟ್ಟುತ್ತೆ. ದಿನಾ ಬುಡದವರೆಗೂ ಬಾಚಬೇಕು, ಆರರಿಂದ ಎಂಟು ವಾರಕ್ಕೊಮ್ಮೆ ಕತ್ತರಿಸಬೇಕು. ಕೈಯಲ್ಲಿ ಶಕ್ತಿ ಇಲ್ಲದವರಿಗೆ, ಗಾಲಿಕುರ್ಚಿಯಲ್ಲಿ ಇರುವವರಿಗೆ ಇದು ಸಣ್ಣ ಮಾತಲ್ಲ. ಮನೆಯಲ್ಲಿ ಬಾಚುವವರು ಯಾರು ಅಂತ ಮೊದಲೇ ಕೇಳಿಬಿಡುತ್ತೇನೆ.

‘ಪೂಡಲ್‌ನ ಬುದ್ಧಿ, ಲ್ಯಾಬ್‌ನ ಸಮಾಧಾನ’ ಅನ್ನೋ ಮಾತನ್ನೂ ನಂಬಬೇಡಿ. ಪೂಡಲ್‌ನ ಅತಿ ಸೂಕ್ಷ್ಮ ಕಿವಿಯೂ ಬರಬಹುದು, ಲ್ಯಾಬ್‌ನ ಊಟದ ಆಸೆಯೂ ಬರಬಹುದು. ಎರಡೂ ಒಂದೇ ಮರಿಯಲ್ಲಿ ಬಂದದ್ದನ್ನು ನೋಡಿದ್ದೇನೆ. ಅದಕ್ಕೇ ತಂದೆತಾಯಿಯನ್ನು ಆರಿಸುವಾಗಲೇ ಎಚ್ಚರ ಬೇಕು. ಸೊಂಟ, ಮೊಣಕೈ ಎಕ್ಸ್‌ರೇ, ಕಣ್ಣಿನ ತಪಾಸಣೆ, ಕುರುಡು ತರುವ ಪಿಆರ್‌ಎ ಕಾಯಿಲೆಗೆ ಡಿಎನ್‌ಎ ಪರೀಕ್ಷೆ ಆಗದೆ ನಮ್ಮಲ್ಲಿ ಯಾವ ನಾಯಿಯನ್ನೂ ಕೂಡಿಸಲ್ಲ. ಕಳೆದ ವರ್ಷ ಒಂದು ಹೆಣ್ಣು ನಾಯಿಯ ಎಕ್ಸ್‌ರೇ, ಕಣ್ಣು ಎಲ್ಲ ಚೆನ್ನಾಗಿತ್ತು, ಆದರೆ ಗುಡುಗಿಗೆ ಮೂಲೆ ಸೇರುತ್ತಿತ್ತು. ಅದರಿಂದ ಮರಿ ಬೇಡ ಅಂತ ಮನೆಯ ಹಿರಿಯಮ್ಮನೇ ನಿಲ್ಲಿಸಿದರು. ಆ ತೀರ್ಮಾನಕ್ಕೆ ನನಗೆ ಅವರ ಮೇಲೆ ತುಂಬ ಗೌರವ.

ಮೂರನೇ ವಾರದಿಂದ ಹನ್ನೆರಡು, ಹದಿನಾಲ್ಕನೇ ವಾರದವರೆಗೆ ಮರಿ ನೋಡಿದ್ದು, ಕೇಳಿದ್ದು ಅದರ ಮನಸ್ಸಿನಲ್ಲಿ ಉಳಿಯುತ್ತೆ. ಲಸಿಕೆ ಪೂರ್ತಿ ಆಗಿರಲ್ಲ, ಮರಿಗಳ ಜೀವಕ್ಕೇ ಕುತ್ತು ತರುವ ಪಾರ್ವೋ ಅನ್ನೋ ಅಂಟುರೋಗದ ಭಯ, ನೆಲಕ್ಕೆ ಬಿಡುವಂತಿಲ್ಲ. ಹಾಗಂತ ಮನೆಯಲ್ಲೇ ಮುಚ್ಚಿಟ್ಟರೆ ಆ ದಿನಗಳು ಮತ್ತೆ ಸಿಗಲ್ಲ. ಎದೆಗೆ ಚೀಲ ಕಟ್ಟಿಕೊಂಡು ಒಂದೊಂದನ್ನೇ ರೈಲ್ವೆ ಸ್ಟೇಷನ್ನಿಗೆ ಒಯ್ಯುತ್ತೇನೆ. ಹತ್ತು ನಿಮಿಷ, ಅಷ್ಟೇ. ರೈಲು ಬಂದಾಗ ಮರಿಯ ಎದೆ ನನ್ನ ಅಂಗೈಗೆ ಡವಡವ ಅಂತ ಹೊಡೆಯುತ್ತೆ. ರೈಲು ಹೋದ ಮೇಲೆ ಎಷ್ಟು ಹೊತ್ತಿಗೆ ಅದು ನಿಧಾನ ಆಯ್ತು ಅಂತ ಕೈಗೇ ಗೊತ್ತಾಗುತ್ತೆ. ಆಮೇಲೆ ಮನೆಗೆ ಬಂದು ನಿದ್ದೆ. ಸಾಕಷ್ಟು ನಿದ್ದೆ ಆಗದ ಮರಿಯನ್ನು ಪರೀಕ್ಷೆ ಮಾಡೋದು ಅನ್ಯಾಯ.

ಹಳದಿ ಪಟ್ಟಿಯ ನಾಯಿ ಈಗ ಒಂದು ತೋಟದ ಮನೆಯಲ್ಲಿದೆ. ವಯಸ್ಸಾದ ಗಂಡ ಹೆಂಡತಿ, ಟ್ರಾಲಿ ಸದ್ದಿಲ್ಲ. ಸಂಜೆ ಅವರ ಕಾಲಬುಡದಲ್ಲಿ ಮಲಗುತ್ತೆ. ಆ ಹುಡುಗನ ತಾಯಿಗೆ ಹೋದ ತಿಂಗಳು ನಾನೇ ಫೋನ್ ಮಾಡಿದೆ. ಈ ಸಲದ ಏಳರಲ್ಲಿ ನೀಲಿ ಪಟ್ಟಿಯ ಒಂದು ಹೆಣ್ಣುಮರಿ ಇದೆ, ಆದರೆ ಎಂಟು ವಾರ ಆಗುವವರೆಗೆ ಏನೂ ಹೇಳಲ್ಲ, ಆಗದಿದ್ದರೆ ಆಗಲ್ಲ ಅಂತಲೇ ಹೇಳುತ್ತೇನೆ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಕಾಯ್ತೀವಿ’ ಅಂದರು.

ನೀಲಿ ನಿನ್ನೆ ತಟ್ಟೆಗೆ ಬೆಚ್ಚಿತು, ಆರು ಸೆಕೆಂಡಿಗೆ ಬಂದು ಅಂಚನ್ನು ನೆಕ್ಕಿತು. ನಾಳೆ ಬುಧವಾರ, ಕಸದ ಲಾರಿ ಬರುವ ದಿನ. ಬೆಳಿಗ್ಗೆ ಆರೂವರೆಗೆ ಅದನ್ನು ಎತ್ತಿಕೊಂಡು ಗೇಟಿನ ಹತ್ತಿರ ನಿಲ್ಲಬೇಕು.