ಅಂಜದೀವದ ಕಡಲು ಕೊನೆಗೂ ತಿಳಿಯಾಯಿತು

ನಿನ್ನೆ ರಾತ್ರಿ ಹನ್ನೊಂದಕ್ಕೆ ಮುಚ್ಚಿದ್ದ ಪೆಟ್ಟಿಗೆಯನ್ನು ಇಂದು ಸಂಜೆ ತೆರೆದು ಟಾರ್ಚ್ ಹಿಡಿದು ನೋಡಿದಾಗ, ದಡದ ಬುಡದಲ್ಲಿ ನಾನು ಕೈಯಾರೆ ಅಂಟಿಸಿದ್ದ ಕರಿ ಕಲ್ಲುಗಳು ನೀರಿನೊಳಗಿಂದ ಒಂದೊಂದಾಗಿ ಕಾಣಿಸಿದವು. ಮೂರು ಬಾರಿ ಸೋತ ಮೇಲೆ ನಾಲ್ಕನೆಯ ಬಾರಿಗೆ, ಕಾರವಾರದ ಎದುರಿನ ಅಂಜದೀವ ದ್ವೀಪದ ನನ್ನ ಪುಟ್ಟ ಮಾದರಿಯ ಸುತ್ತಲಿನ ಕಡಲು ತಿಳಿಯಾಗಿ ನಿಂತಿದೆ. ಇದೇ ಕೆಲಸದಲ್ಲಿ ಕೈ ಸುಟ್ಟುಕೊಂಡಿರುವ ಇತರ ಹವ್ಯಾಸಿಗಳಿಗೆ ಉಪಯೋಗವಾಗಲೆಂದು ಈ ಎರಡು ತಿಂಗಳ ಕಥೆಯನ್ನು ಬರೆದಿಡುತ್ತಿದ್ದೇನೆ.

ಮಾದರಿ 1961ರ ಡಿಸೆಂಬರ್ 18ರ ಅಂಜದೀವ ದ್ವೀಪದ್ದು; ಗೋವಾವನ್ನು ಪೋರ್ಚುಗೀಸರಿಂದ ಬಿಡಿಸುವ ಕಾರ್ಯಾಚರಣೆಯಲ್ಲಿ ನಮ್ಮ ನೌಕಾಪಡೆ ಅಲ್ಲಿ ಇಳಿದ ದಿನ ಅದು. ಅಳತೆ 1:2000. ಸುಮಾರು ಒಂದೂವರೆ ಕಿಲೋಮೀಟರ್ ಉದ್ದದ ದ್ವೀಪ ಇಲ್ಲಿ 75 ಸೆಂಟಿಮೀಟರ್ ಆಗುತ್ತದೆ. ಆ ದಿನ ಅಲ್ಲಿದ್ದ ನಮ್ಮ ಯುದ್ಧನೌಕೆಗಳಲ್ಲಿ ಐಎನ್ಎಸ್ ತ್ರಿಶೂಲ್ 56 ಮಿಲಿಮೀಟರ್, ನಮ್ಮ ರಾಜ್ಯಕ್ಕೆ ಆಗ ಇದ್ದ ಹೆಸರನ್ನೇ ಹೊತ್ತಿದ್ದ ಐಎನ್ಎಸ್ ಮೈಸೂರು 85 ಮಿಲಿಮೀಟರ್. ನಕ್ಷೆಯ ಎತ್ತರದ ರೇಖೆಗಳ ಪ್ರಕಾರ ಪದರಗಳನ್ನು ಕತ್ತರಿಸಿ ಜೋಡಿಸುವುದು, ಮೇಲೆ ಪ್ಲಾಸ್ಟರ್ ಬಳಿಯುವುದು, ಬಣ್ಣ, ಗಿಡಗಂಟಿ ಇವೆಲ್ಲ ಎಲ್ಲರಿಗೂ ಗೊತ್ತಿರುವ ಹಂತಗಳಾದ್ದರಿಂದ ಬಿಟ್ಟುಬಿಡುತ್ತೇನೆ. ನನ್ನನ್ನು ಕಾಡಿದ್ದು ನೀರು.

ಈ ಮಾದರಿಯಲ್ಲಿ ನೀರು ಸುಮ್ಮನೆ ಹಿನ್ನೆಲೆಗೆಂದು ಇರುವುದಲ್ಲ. ಈಗಿನ ಉಪಗ್ರಹ ಚಿತ್ರ ತೆರೆದರೆ ಬಿಣಗಾ ಕಡೆಯಿಂದ ಹೊರಟ ಕಲ್ಲಿನ ತಡೆಗೋಡೆ ದ್ವೀಪವನ್ನು ನೆಲಕ್ಕೆ ಕಟ್ಟಿಹಾಕಿರುವುದು ಕಾಣುತ್ತದೆ. ಆಡಳಿತದ ಲೆಕ್ಕದಲ್ಲಿ ಗೋವಾಕ್ಕೆ ಸೇರಿದರೂ ಕಣ್ಣಳತೆಯಲ್ಲಿ ಕಾರವಾರದ್ದೇ ಆಗಿರುವ ಈ ದ್ವೀಪ, 2005ರಲ್ಲಿ ಐಎನ್ಎಸ್ ಕದಂಬ ಕಾರ್ಯಾರಂಭ ಮಾಡಿದ ಸೀಬರ್ಡ್ ನೌಕಾನೆಲೆಯ ಒಳಗಿದೆ. ಜನಸಾಮಾನ್ಯರಿಗೆ ಅಲ್ಲಿ ಪ್ರವೇಶವಿಲ್ಲ. ಬ್ರೋತಸ್ ಮಾತೆಯ ಇಗರ್ಜಿಯ ಹಬ್ಬಕ್ಕೆ ದೋಣಿಯಲ್ಲಿ ಹೋಗಿಬರುತ್ತಿದ್ದ ಕಾಲವೂ ಮುಗಿಯಿತು. 1961ರಲ್ಲಿ ದ್ವೀಪಕ್ಕೂ ನಮಗೂ ನಡುವೆ ಇದ್ದದ್ದು ಬರೀ ನೀರು. ಆ ವರ್ಷದ ನವೆಂಬರ್‌ನಲ್ಲಿ ಸಾಬರಮತಿ ಎಂಬ ಪ್ರಯಾಣಿಕರ ಹಡಗಿನ ಮೇಲೆ ದ್ವೀಪದಲ್ಲಿದ್ದ ಪೋರ್ಚುಗೀಸ್ ಸೈನಿಕರು ಗುಂಡು ಹಾರಿಸಿದ್ದು, ಅದೇ ತಿಂಗಳು ಮೀನುಗಾರರ ದೋಣಿಯ ಮೇಲೂ ಹಾರಿಸಿದ್ದು ಈ ನೀರಿನ ಮೇಲೆಯೇ. ಡಿಸೆಂಬರ್ 18ರಂದು ತ್ರಿಶೂಲ್‌ನಿಂದ ಇಳಿದ ನಾವಿಕರ ತುಕಡಿ ದೋಣಿಗಳಲ್ಲಿ ದಾಟಿದ್ದೂ ಇದನ್ನೇ. ದ್ವೀಪದಲ್ಲಿ ಬಿಳಿ ಬಾವುಟ ಕಂಡ ಮೇಲೂ ಗುಂಡಿನ ಮಳೆ ಸುರಿಯಿತೆಂದು ನೌಕಾಪಡೆಯ ಇತಿಹಾಸ ದಾಖಲಿಸಿದೆ. ನಮ್ಮವರು ಏಳು ಮಂದಿ ಸತ್ತರು. ಹಡಗುಗಳ ಫಿರಂಗಿ ಮಾತಾಡಿದ ಮೇಲೆಯೇ ಮಾರನೆಯ ದಿನ ದ್ವೀಪ ಕೈವಶವಾಯಿತು. ಗೋವಾದ ಐಎನ್ಎಸ್ ಗೋಮಾಂತಕ್ ನೆಲೆಯಲ್ಲಿ ಆ ಏಳು ಮಂದಿಯ ಸ್ಮಾರಕವಿದೆ. ಕಾರವಾರದಲ್ಲಿ ಹುಟ್ಟಿ ಬೆಳೆದ ಮಕ್ಕಳಿಗೆ ಕಣ್ಣೆದುರಿನ ಗುಡ್ಡದಲ್ಲಿ ಹೀಗೊಂದು ನಡೆದಿತ್ತೆಂದು ತೋರಿಸಲು ಏನಾದರೂ ಇರಬೇಕೆಂಬ ಆಸೆಯಿಂದಲೇ ನಾನು ಈ ಕೆಲಸಕ್ಕೆ ಕೈ ಹಾಕಿದ್ದು.

ಗಟ್ಟಿಯಾದ ಮೇಲೆ ನೀರಿನಂತೆ ಕಾಣುವ ಎಪಾಕ್ಸಿ ರೆಸಿನ್ ಎಂಬ ಅಂಟುದ್ರವವನ್ನು ಮೊದಲ ಬಾರಿ ಸುರಿದದ್ದು ಜೂನ್ ಕೊನೆಯ ವಾರ, ಹೊರಗೆ ಮಳೆ ಹಿಡಿದಿದ್ದಾಗ. ಬೆಳಗ್ಗೆ ನೋಡಿದರೆ ಮೇಲ್ಮೈಯೆಲ್ಲ ಕೈಗೆ ಜಿಡ್ಡು ಹತ್ತುವ ಬಿಳಿ ಪೊರೆ. ಕಾರಣ ಗೊತ್ತಿದ್ದದ್ದೇ: ರೆಸಿನ್ ಗಟ್ಟಿಯಾಗಲೆಂದು ಬೆರೆಸುವ ಹಾರ್ಡ್‌ನರ್‌ನಲ್ಲಿರುವ ಅಮೈನ್ ಎಂಬ ರಾಸಾಯನಿಕ, ಗಾಳಿಯ ತೇವ ಮತ್ತು ಇಂಗಾಲದ ಡೈಆಕ್ಸೈಡ್ ಜೊತೆ ಸೇರಿ ಈ ಪೊರೆ ಕಟ್ಟುತ್ತದೆ. ಬೆಚ್ಚನೆಯ ನೀರಿನಲ್ಲಿ ತೊಳೆದು, ಸ್ಯಾಂಡ್‌ಪೇಪರ್ ಉಜ್ಜಿ, ಕೋಣೆಯ ಕಿಟಕಿಗಳ ಸಂದಿಗೆಲ್ಲ ಬಟ್ಟೆ ತುರುಕಿ ಎರಡನೆಯ ಸಲ ಸುರಿದೆ. ಈ ಸಲ ನಡುಗಡಲು ಚೆನ್ನಾಗಿಯೇ ಬಂತು, ಆದರೆ ದ್ವೀಪದ ಸುತ್ತ ಎರಡು ಬೆರಳು ಅಗಲಕ್ಕೆ ಹಾಲು ಚೆಲ್ಲಿದಂತೆ ಒಂದು ಬಳೆ, ಅದರೊಳಗೆ ಸಾಸಿವೆಗಿಂತ ಸಣ್ಣ ಗುಳ್ಳೆಗಳು.

ನಾನು ತಪ್ಪು ಹೊರಿಸಿದ್ದು ಸರಕು ಕಳಿಸಿದವರ ಮೇಲೆ. ಅದಕ್ಕೆ ಕಾರಣವೂ ಇತ್ತು. ಬಾಟಲಿಯ ಮೇಲೆ ಎರಡಕ್ಕೆ ಒಂದರಂತೆ ಬೆರೆಸಿ ಎಂದು ಬರೆದಿತ್ತೇ ಹೊರತು ಅದು ತೂಕದ ಲೆಕ್ಕವೋ ಅಳತೆಯ ಲೆಕ್ಕವೋ ಎಂಬುದಿರಲಿಲ್ಲ. ಎರಡೂ ಒಂದೇ ಅಲ್ಲವೆಂದು ಈ ಕೆಲಸ ಮಾಡಿದವರಿಗೆ ಹೇಳಬೇಕಾಗಿಲ್ಲ. ಫೋನಿನಲ್ಲಿ ಕೇಳಿದರೆ ಒಬ್ಬರು ತೂಕ ಎಂದರು, ಮಾರನೆಯ ದಿನ ಇನ್ನೊಬ್ಬರು ಅಳತೆ ಎಂದರು. ಹಾರ್ಡ್‌ನರ್ ಬಾಟಲಿಯ ಮುಚ್ಚಳದ ಸೀಲು ಹರಿದಿತ್ತು. ಬದಲಿ ಕಳಿಸಲು ಹದಿನಾರು ದಿನ ತೆಗೆದುಕೊಂಡರು. ಸಾವಿರಗಟ್ಟಲೆ ಹಣ ತೆಗೆದುಕೊಳ್ಳುವವರು ಒಂದು ಸಾಲು ಸರಿಯಾಗಿ ಅಚ್ಚು ಹಾಕಿಸಬಾರದೇ ಎಂಬ ಸಿಟ್ಟು ಇನ್ನೂ ಆರಿಲ್ಲ. ಬೇರೆ ಕಡೆಯಿಂದ ಹೊಸ ಸರಕು ತರಿಸಿ, ಬಾಟಲಿಗಳನ್ನು ಬಿಸಿನೀರಿನಲ್ಲಿಟ್ಟು ಹದಮಾಡಿ, ಮೂರನೆಯ ಸಲ ಸುರಿದೆ. ಮತ್ತೆ ಅದೇ ಬಳೆ, ಅದೇ ಅಗಲ.

ಇಲ್ಲೇ ಕಾರವಾರದ ಬೈತಕೋಲದಲ್ಲಿ ಬಲೆ ನೇಯುತ್ತ ಕೂರುವ ಅಜ್ಜ ಒಬ್ಬರು ದೋಣಿಗಳ ಆಕಾರ ಹೇಳಿಕೊಡಲು ಆಗಾಗ ಮನೆಗೆ ಬರುತ್ತಾರೆ. ಅವರು ಮಾದರಿಯ ಮುಂದೆ ಬಹಳ ಹೊತ್ತು ನಿಂತು, "ಇದು ಆಷಾಢದ ನೀರು ತಮ್ಮಾ. ಕಾಳಿ ಹೊಳೆ ಕೆಂಪಾಗಿ ಬಂದು ಕಡಲಿಗೆ ಬಿದ್ದಾಗ ಹೀಗಿರ್ತದೆ. ಆ ಕಾಳಗ ನಡೆದದ್ದು ಮಾಗಿಯಲ್ಲಿ. ಆಗ ದಡದ ಕಲ್ಲು ಕಾಣಬೇಕು" ಎಂದರು. ನಂತರ ದ್ವೀಪದ ಅಂಚಿಗೆ ಬೆರಳಿಟ್ಟು, "ಹೊರಗೆ ಚಂದ ಇದೆ, ಇಲ್ಲೇ ಯಾಕೆ ರಾಡಿ? ದ್ವೀಪವೇ ನೀರು ಬಿಡ್ತಿದೆಯೋ ಏನೋ" ಎಂದರು.

ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಮೂರು ಬಾರಿಯೂ ನಾನು ಗಾಳಿಯ ತೇವವನ್ನೇ ನೋಡುತ್ತಿದ್ದೆ. ದ್ವೀಪದೊಳಗೆ ಏನಿದೆ ಎಂದು ನೋಡಿರಲಿಲ್ಲ. ಪ್ಲಾಸ್ಟರ್ ಮೇ ತಿಂಗಳಲ್ಲಿ ಬಳಿದದ್ದು, ಮುಟ್ಟಿದರೆ ಒಣಗಿದಂತೆಯೇ ಇತ್ತು. ಬೆಳಗ್ಗೆ ಬಿಸಿ ಮಾಡಿದ ಚಾಕುವಿನಿಂದ ರೆಸಿನ್ ಕೊಯ್ದು ದ್ವೀಪವನ್ನು ತಟ್ಟೆಯಿಂದ ಬಿಡಿಸಿ, ಅಂಟಿದ್ದ ಚೂರುಗಳನ್ನೆಲ್ಲ ಕೆತ್ತಿ ತೆಗೆದು, ಅಡುಗೆಮನೆಯ ಡಿಜಿಟಲ್ ತಕ್ಕಡಿಯ ಮೇಲಿಟ್ಟೆ: 3 ಕಿಲೋ 412 ಗ್ರಾಂ. ಮೇಲೆ ಬಣ್ಣವಿದ್ದರೂ ತಳದ ಅಂಚು ಬಣ್ಣವಿಲ್ಲದ ಬರಿಯ ಪ್ಲಾಸ್ಟರೇ. ರೆಸಿನ್ ಗಟ್ಟಿಯಾಗುವಾಗ ಹುಟ್ಟುವ ಶಾಖಕ್ಕೆ ಒಳಗಿನ ತೇವ ಆ ಅಂಚಿನಿಂದಲೇ ಹೊರಟು ಬಳೆ ಕಟ್ಟುತ್ತಿತ್ತು.

ಒಣಗಿಸುವುದು ಎಲ್ಲಿ ಎಂಬುದು ಮುಂದಿನ ಪ್ರಶ್ನೆ. ಶಿರಸಿಯ ಭಾವ ಅಡಿಕೆ ಡ್ರೈಯರ್‌ನಲ್ಲಿ ಇಡೋಣ ಎಂದರು. ಆದರೆ ಪ್ಲಾಸ್ಟರ್‌ಗೆ 45 ಡಿಗ್ರಿ ಮೀರಿ ಬಹಳ ಹೊತ್ತು ಕಾವು ತಗುಲಿದರೆ ಅದು ತನ್ನೊಳಗೆ ಕಟ್ಟಿಕೊಂಡ ನೀರನ್ನೇ ಬಿಟ್ಟು ಪುಡಿಪುಡಿಯಾಗುತ್ತದೆ. ದಾರಿ ತೋರಿಸಿದವರು ಅಮ್ಮ. ಅಂಕೋಲೆಯ ಅಜ್ಜಿಮನೆಯಲ್ಲಿ ಒಲೆಯ ಮೇಲಿನ ಅಟ್ಟದಲ್ಲಿ ಮುರುಗಲ ಸಿಪ್ಪೆ, ಬಿತ್ತನೆಯ ಬೀಜ ಎಷ್ಟೇ ಮಳೆ ಬಂದರೂ ಗರಿಗರಿಯಾಗಿಯೇ ಇರುತ್ತವೆ. ದ್ವೀಪವನ್ನು ಹಳೆಯ ಪಂಚೆಯಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಒಯ್ದೆ. ಅಂಜದೀವದಲ್ಲಿದ್ದ ಆರ್ಯಾದುರ್ಗೆ ಪೋರ್ಚುಗೀಸರ ಕಾಲದಲ್ಲಿ ಅಂಕೋಲೆಗೆ ಬಂದು ನೆಲೆಸಿದಳೆಂಬ ಐತಿಹ್ಯ ನಮ್ಮ ಕಡೆ ಎಲ್ಲರಿಗೂ ಗೊತ್ತು. ಬಸ್ಸು ಅವಳ ಊರು ಸೇರಿದಾಗ ನನ್ನ ಕೈ ತಾನಾಗಿ ಮುಗಿಯಿತು. ಅಟ್ಟದಲ್ಲಿ ಥರ್ಮಾಮೀಟರ್ 38 ದಾಟಲಿಲ್ಲ. ಅಜ್ಜಿ ದಿನವೂ ತೂಗಿ ಫೋನಿನಲ್ಲಿ ಹೇಳುತ್ತಿದ್ದರು: 3,390, 3,371, 3,355. ಹನ್ನೆರಡನೆಯ ದಿನ 3,248ಕ್ಕೆ ಬಂದು ಅಲ್ಲೇ ಮೂರು ದಿನ ನಿಂತಿತು. 164 ಗ್ರಾಂ ನೀರು, ಹೆಚ್ಚುಕಡಿಮೆ ಒಂದು ಲೋಟ, ಆ ದ್ವೀಪದ ಹೊಟ್ಟೆಯಲ್ಲಿತ್ತು.

ಈ ತೇವದ ಜೊತೆ ಗುದ್ದಾಡುವಾಗಲೇ ಮುಂದಿನ ಮಾದರಿ ಯಾವುದೆಂದು ನಿರ್ಧಾರವಾಯಿತು. 1662ರಲ್ಲಿ ಮುಂಬಯಿಯನ್ನು ವಶಕ್ಕೆ ಪಡೆಯಲು ಬಂದ ಅಬ್ರಹಾಂ ಶಿಪ್‌ಮನ್ ಎಂಬ ಇಂಗ್ಲಿಷ್ ಅಧಿಕಾರಿಗೆ ಪೋರ್ಚುಗೀಸರು ಅದನ್ನು ಬಿಟ್ಟುಕೊಡದಿದ್ದಾಗ, ಆತ ನಾನೂರಕ್ಕೂ ಹೆಚ್ಚು ಸೈನಿಕರೊಂದಿಗೆ ಇದೇ ಅಂಜದೀವದಲ್ಲಿ ಬೀಡುಬಿಟ್ಟ. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ರೋಗರುಜಿನಗಳಿಂದ ಬಹುಪಾಲು ಜನ ಸತ್ತರು, ಶಿಪ್‌ಮನ್ ಕೂಡ ಸತ್ತ. 1665ರಲ್ಲಿ ಅವನ ಜಾಗಕ್ಕೆ ಬಂದ ಹಂಫ್ರಿ ಕುಕ್ ಮುಂಬಯಿಯನ್ನು ವಹಿಸಿಕೊಂಡಾಗ ಉಳಿದಿದ್ದವರು ನೂರರ ಆಸುಪಾಸು. ಗಟ್ಟಿ ಸೂರಿನ ಕೆಳಗೆ ಕೂತ ನನಗೇ ಒಂದು ದ್ವೀಪದ ತುಂಡನ್ನು ಒಣಗಿಸಲು ಇಷ್ಟು ಕಷ್ಟವಾದರೆ, ಆ ಸೈನಿಕರು ನಮ್ಮ ಆಷಾಢವನ್ನು ಹೇಗೆ ಕಳೆದಿರಬಹುದೆಂದು ಯೋಚಿಸಿ ಸಂಕಟವಾಯಿತು. ಅದೇ ಎತ್ತರದ ರೇಖೆಗಳು ಕೈಯಲ್ಲಿವೆ. ಆ ಬೀಡನ್ನು ಮಳೆಗಾಲದ ಬಣ್ಣದಲ್ಲೇ ಮಾಡಬೇಕು, ಅದಕ್ಕೆ ರಾಡಿ ನೀರೇ ಸರಿ.

ದ್ವೀಪ ಕಾರವಾರಕ್ಕೆ ಮರಳಿದ ದಿನವೇ, ಬಡಗಿಗಳು ಪಾಲಿಶ್‌ಗೆ ಬಳಸುವ ಅರಗನ್ನು ಸ್ಪಿರಿಟ್‌ನಲ್ಲಿ ಕರಗಿಸಿ ತಳಕ್ಕೂ ಅಂಚಿಗೂ ಮೂರು ಕೈ ಹಚ್ಚಿದೆ. ಪ್ಲೈವುಡ್ ಪೆಟ್ಟಿಗೆಯಲ್ಲಿ 60 ವ್ಯಾಟ್‌ನ ಬಲ್ಬು, ನಾಲ್ಕು ಮೂಲೆಗೆ ತೇವ ಹೀರುವ ಸಿಲಿಕಾ ಜೆಲ್. ತೂಕದ ಲೆಕ್ಕದಲ್ಲೇ ಬೆರೆಸಿ ನಿನ್ನೆ 3 ಮಿಲಿಮೀಟರ್ ಮಾತ್ರ ಸುರಿದೆ. ಇಂದು ಬಳೆ ಇಲ್ಲ, ಗುಳ್ಳೆ ಇಲ್ಲ.

ಎರಡನೆಯ ಪದರ ಭಾನುವಾರ. ದೋಣಿಗಳನ್ನು ಬೆಂಕಿಕಡ್ಡಿಯಿಂದ ಕೆತ್ತಿ ಇಟ್ಟಾಗಿದೆ, ಒಂದೊಂದೂ 4 ಮಿಲಿಮೀಟರ್. ರೆಸಿನ್ ಗಟ್ಟಿಯಾಗಲು ತೊಡಗುವ ಮೊದಲು ಸಿಗುವ ಮುಕ್ಕಾಲು ಗಂಟೆಯಲ್ಲಿ ಅವುಗಳನ್ನು ಚಿಮುಟದಲ್ಲಿ ಹಿಡಿದು, ಮೂತಿ ದಡದ ಕಡೆಗಿರುವಂತೆ ನೀರಿಗಿಳಿಸಬೇಕು. ಬೈತಕೋಲದ ಅಜ್ಜ ಬೆಳಗ್ಗೆ ಒಂಬತ್ತಕ್ಕೇ ಬರುತ್ತೇನೆಂದಿದ್ದಾರೆ.