ಕಡೆಯ ದಿನದ ನೀರು

ನಿನ್ನೆ ರಾತ್ರಿ ಯೋಹಾನನ ಸುವಾರ್ತೆಯ 7ನೆಯ ಅಧ್ಯಾಯವನ್ನು ಓದುತ್ತಿದ್ದಾಗ, ಇಷ್ಟು ವರ್ಷ ಕಣ್ಣಾಡಿಸಿ ಮುಂದೆ ಹೋಗುತ್ತಿದ್ದ ‘ಪರ್ಣಶಾಲೆಗಳ ಹಬ್ಬ’ ಎಂಬ ಮಾತಿನ ಬಳಿ ನಿಂತುಬಿಟ್ಟೆ. ಯೆಹೂದ್ಯರ ತಿಶ್ರಿ ಮಾಸದ 15ರಂದು, ಅಂದರೆ ಹುಣ್ಣಿಮೆಯ ಹೊತ್ತಿಗೆ, ಆರಂಭವಾಗುವ ಈ ಹಬ್ಬ ಬರುವುದು ಬೇಸಿಗೆಯ ಒಣಗಾಳಿ ಮುಗಿದು ಇಸ್ರೇಲಿನ ನೆಲ ಮೊದಲ ಮಳೆಗೆ ಕಾಯುವ ಕಾಲದಲ್ಲಿ. (ಚಾಂದ್ರಮಾಸಗಳು ಋತುವಿನಿಂದ ಜಾರದಂತೆ ಅವರೂ ನಮ್ಮ ಪಂಚಾಂಗದ ಹಾಗೆಯೇ ಅಧಿಕಮಾಸವನ್ನು ಸೇರಿಸಿಕೊಳ್ಳುತ್ತಾರೆ.) ಜೆರುಸಲೇಮಿನಲ್ಲಿ ಯೆಹೂದ್ಯರ ದೇವಾಲಯವಿದ್ದ ದಿನಗಳಲ್ಲಿ ಸಿಲೋವ ಕೊಳದ ನೀರನ್ನು ಚಿನ್ನದ ಹೂಜಿಯಲ್ಲಿ ತುಂಬಿಸಿ, ಕೊಂಬುಗಳ ಧ್ವನಿಯ ನಡುವೆ ಹೊತ್ತು ತಂದು, ಯಾಜಕನು ಬಲಿಪೀಠದ ಮೇಲೆ ಎರೆಯುತ್ತಿದ್ದನೆಂದು ಯೆಹೂದ್ಯರ ಪ್ರಾಚೀನ ಧರ್ಮಶಾಸ್ತ್ರ ಸಂಗ್ರಹವಾದ ಮಿಷ್ನಾ ವಿವರಿಸುತ್ತದೆ.

ಬಾಯಾರಿದವನು ತನ್ನ ಬಳಿಗೆ ಬಂದು ಕುಡಿಯಲಿ ಎಂದು ಯೇಸು ಎದ್ದು ನಿಂತು ಕೂಗಿದ್ದು ಇದೇ ಹಬ್ಬದ ಕಡೆಯ ದಿನ. ಮಳೆಗಾಗಿ ಆಕಾಶ ನೋಡುತ್ತ, ಅಷ್ಟೂ ದಿನ ಆ ಹೂಜಿಯ ಹಿಂದೆ ನಡೆದು ಬಂದಿದ್ದ ಜನರ ಕಿವಿಗೆ ಆ ಮಾತು ಬಿದ್ದ ಬಗೆಯೇ ಬೇರೆ ಇದ್ದಿರಬೇಕು. ನಾನಂತೂ ಅದನ್ನು ತಿಥಿ, ಋತುಗಳ ಗೊಡವೆಯಿಲ್ಲದ ಬರಿಯ ಉಪಮೆಯೆಂದೇ ಓದಿಕೊಂಡಿದ್ದೆ.

10ನೆಯ ಅಧ್ಯಾಯದಲ್ಲಿ ಪ್ರತಿಷ್ಠೆಯ ಹಬ್ಬವೆಂದೂ ಆಗ ಚಳಿಗಾಲವೆಂದೂ ಇದೆ. ಅದು ಇಂದಿನ ಹನುಕ್ಕಾ. ಈ ರಾತ್ರಿ ಅಲ್ಲಿಂದ ಓದಬೇಕು.